ನಾನು ಬರೆಯದ ಮನುಷ್ಯ

ಮನೆಯಲ್ಲಿ ಯಾರಿಗಾದರೂ ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಲು ಹೊರಟರೆ ಬಾಗಿಲಲ್ಲಿ ಅಡ್ಡ ನಿಲ್ಲುತ್ತಿದ್ದವನು ನಾನು. ನನ್ನ ಹೆಂಡತಿ ಶಾರದೆಯ ತವರು ಹರವೆ. ಅವರ ಮನೆಯವರು ಉಂಡು ಜಗಲಿಯ ಮೇಲೆ ಕುಳಿತರೆ ಸಾಕು, ಹೊಲದಲ್ಲಿ ಕಂಡದ್ದು, ಬಾವಿಯ ಹತ್ತಿರ ಕೇಳಿಸಿದ್ದು ಎಂದು ಒಂದಾದ ಮೇಲೊಂದು ಶುರುವಾಗುತ್ತಿತ್ತು. 'ನೀವು ಸ್ವತಃ ಕಂಡಿರಾ?' ಎಂದು ಕೇಳುತ್ತಿದ್ದೆ. ಇಲ್ಲ, ಚಿಕ್ಕಪ್ಪ ಕಂಡಿದ್ದ, ಅತ್ತೆ ಕಂಡಿದ್ದಳು ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಹೇಳಲು ಕುಳಿತಿದ್ದೇನೆ, ಮತ್ತು ನಾನೂ ಸ್ವತಃ ಏನನ್ನೂ ಕಂಡಿಲ್ಲ. ನನ್ನ ಸುತ್ತಲಿನವರು ಕಂಡರು. ನನಗೆ ಕಾಣಲಿಲ್ಲ. ಇವತ್ತಿಗೂ ನನ್ನನ್ನು ಬೆಚ್ಚಿಬೀಳಿಸುವುದು ಅದೇ.

ನಾನು ಗುಂಡ್ಲುಪೇಟೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ರಜೆ ಸಿಕ್ಕಿದರೆ ಬೈಕಿಗೆ ಹಲಗೆಯನ್ನೂ ಬಣ್ಣದ ಡಬ್ಬಿಯನ್ನೂ ಕಟ್ಟಿಕೊಂಡು ಹೊರಡುತ್ತೇನೆ. ಗೋಪಾಲಸ್ವಾಮಿ ಬೆಟ್ಟ ಬರೆಯಿರಿ, ಹೈವೇ ಪಕ್ಕದ ಸೂರ್ಯಕಾಂತಿ ಹೊಲ ಬರೆಯಿರಿ, ಜನ ಇಷ್ಟಪಡುತ್ತಾರೆ ಎಂದು ಗೆಳೆಯರು ಹೇಳುತ್ತಾರೆ. ಬರೆದೂ ನೋಡಿದ್ದೇನೆ. ಆದರೆ ನನ್ನ ಕೈ ಓಡುವುದು ದಾರಿಗಳನ್ನು ಕಂಡಾಗ. ಅದರಲ್ಲೂ ಹಳೆಯ ಗಾಡಿಜಾಡು, ಹೊಲದ ಬದುವಿನ ಕಾಲುದಾರಿ. ಬಟಾಬಯಲಿನಲ್ಲಿ ನೇರವಾಗಿ ಹೋಗಬಹುದಾದ ಕಾಲುದಾರಿ ಒಂದು ಕಡೆ ಸುಮ್ಮನೆ ಬಳಸಿಕೊಂಡು ಹೋಗಿರುತ್ತದೆ. ಅಲ್ಲಿ ಹಿಂದೆ ಯಾವುದೋ ಮರವಿತ್ತು, ಅದನ್ನು ಸುತ್ತಿ ಜನ ನಡೆದಿದ್ದರು. ಮರ ಹೋಗಿ ಎಷ್ಟೋ ಕಾಲವಾಗಿದ್ದರೂ ಜನ ಇಲ್ಲದ ಮರವನ್ನು ಸುತ್ತಿಯೇ ನಡೆಯುತ್ತಿರುತ್ತಾರೆ. ಇಂಥದ್ದನ್ನು ಕಂಡರೆ ನನಗೆ ಅಲ್ಲೇ ಕುಳಿತುಬಿಡಬೇಕು ಅನ್ನಿಸುತ್ತದೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡಬೇಕು. ನನ್ನ ಚಿತ್ರಗಳಲ್ಲಿ ಮನುಷ್ಯರಿರುವುದಿಲ್ಲ. ಒಬ್ಬ ಮನುಷ್ಯನನ್ನು ನಿಲ್ಲಿಸಿದರೆ ನೋಡುವವರ ಕಣ್ಣು ಅವನ ಮೇಲೆ ಹೋಗುತ್ತದೆ, ದಾರಿ ಹಿಂದೆ ಬೀಳುತ್ತದೆ ಎಂದು ನಾನು ಹೇಳಿಕೊಳ್ಳುವುದುಂಟು. ನಿಜ ಏನೆಂದರೆ, ನಡೆಯುವ ಮನುಷ್ಯನನ್ನು ಬರೆಯುವುದು ನನಗೆ ಯಾವತ್ತೂ ಒಲಿಯಲಿಲ್ಲ. ನನ್ನ ಕೈಯಲ್ಲಿ ಅವರು ನೆಟ್ಟ ಗೂಟಗಳಂತಾಗುತ್ತಾರೆ.

ಕೆಲವು ವರ್ಷಗಳ ಹಿಂದಿನ ಮಾತು. ಅರಿಸಿನ ಕೀಳುವ ಕಾಲ. ಚಾಮರಾಜನಗರದಿಂದ ಸತ್ಯಮಂಗಲದ ರಸ್ತೆಯಲ್ಲಿ ಹೋಗಿ, ಪುಣಜನೂರು ಸಿಗುವುದಕ್ಕೆ ಮುಂಚೆಯೇ ಬಲಕ್ಕೆ ಒಂದು ಮಣ್ಣುರಸ್ತೆಗೆ ತಿರುಗಿದೆ. ಅದು ಹೊಲಗಳ ನಡುವೆ ಸಣ್ಣದಾಗುತ್ತಾ ಹೋಗಿ ಕಾಲುದಾರಿಯಾಯಿತು. ಒಂದು ಕಡೆ ಹಳೆಯ ಹೊರೆಗಲ್ಲು ಸಿಕ್ಕಿತು. ತಲೆಹೊರೆ ಹೊತ್ತು ನಡೆಯುತ್ತಿದ್ದ ಕಾಲದಲ್ಲಿ, ಯಾರ ಸಹಾಯವೂ ಇಲ್ಲದೆ ಹೊರೆ ಇಳಿಸಿ ದಣಿವಾರಿಸಿಕೊಳ್ಳಲೆಂದು ಆಳೆತ್ತರಕ್ಕೆ ನಿಲ್ಲಿಸಿದ ಕಲ್ಲು. ಅದನ್ನು ದಾಟಿದ ಮೇಲೆ ದಾರಿ ಎಡಕ್ಕೆ ತಿರುಗಿ ಇಳಿದು ಮರೆಯಾಗುತ್ತಿತ್ತು. ಕೆಂಪು ಮಣ್ಣಿನ ಮೇಲೆ ಬೆಳಗಿನ ಬಿಸಿಲು. ಆ ದಾರಿ ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ, ಗೊತ್ತಾಗಬೇಕೆಂದೂ ಅನ್ನಿಸಲಿಲ್ಲ. ಬಿಸಿಲು ನೆತ್ತಿಗೇರುವವರೆಗೂ ಕುಳಿತು ಬರೆದೆ. ಅಷ್ಟು ಹೊತ್ತಿನಲ್ಲಿ ಆ ದಾರಿಯಲ್ಲಿ ಒಂದು ನರಪಿಳ್ಳೆಯೂ ಸುಳಿಯಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಆಮೇಲೆ ಇದನ್ನೇ ಆಣೆಯಿಟ್ಟು ಹೇಳಬೇಕಾಯಿತು.

ಚಿತ್ರ ನನಗೇ ಇಷ್ಟವಾಯಿತು. ಫ್ರೇಮ್ ಹಾಕಲು ನಂಜುಂಡಿಗೆ ಕೊಟ್ಟೆ. ನಂಜುಂಡಿ ನಮ್ಮೂರಿನಲ್ಲಿ ಫ್ರೇಮ್ ಅಂಗಡಿ ಇಟ್ಟಿರುವವನು. ದೇವರ ಪಟ, ಮದುವೆ ಫೋಟೋ, ಸನ್ಮಾನಪತ್ರ ಎಲ್ಲಕ್ಕೂ ಅವನೇ. ನನ್ನ ಚಿತ್ರಗಳನ್ನೂ ಮೊದಲಿನಿಂದ ಅವನೇ ಕಟ್ಟುವುದು. ತರಲು ಹೋದಾಗ ಚಿತ್ರ ಗಾಜು ಹಾಕಿಸಿಕೊಂಡು ಗೋಡೆಯ ಮೇಲಿತ್ತು.

"ಕೊನೇಗೂ ಒಬ್ಬ ಮನ್ಸನ್ನ ಹಾಕ್ಬುಟ್ರಲ್ಲ ಸಾರ್! ಚೆಂದಾಗದೆ ಕಣಿ," ಅಂದ ನಂಜುಂಡಿ.

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. "ಎಲ್ಲಿದ್ದಾನಪ್ಪಾ?" ಅಂದೆ.

"ಇಲ್ಲಿ ಓಯ್ತಾವ್ನಲ್ಲ," ಎಂದು ಅವನು ಹೊರೆಗಲ್ಲಿನ ಆಚೆ, ದಾರಿ ಎಡಕ್ಕೆ ತಿರುಗುವ ಕಡೆ ಗಾಜಿನ ಮೇಲೆ ಬೆರಳಿಟ್ಟ. ಅವನ ಬೆರಳಿನ ಕೆಳಗೆ ನಾನು ಬಳಿದ ಕೆಂಪು ಮಣ್ಣಿತ್ತು, ಅದರ ಮೇಲೆ ಒಣಹುಲ್ಲಿನ ಎರಡು ಗೀಟು. ಇನ್ನೇನೂ ಇರಲಿಲ್ಲ. ಅವನು ನನ್ನ ಮುಖವನ್ನೇ ನೋಡಿದ, ನಾನು ಅವನ ಮುಖವನ್ನು ನೋಡಿದೆ. ದೇವರ ಪಟ ಕೊಳ್ಳಲು ಬಂದಿದ್ದ ಒಬ್ಬರನ್ನು ಕರೆದು ತೋರಿಸಿದ. ಅವರು ಕನ್ನಡಕ ಸರಿಮಾಡಿಕೊಂಡು, "ಅದೇ, ಬೆನ್ನು ತೋರುಸ್ಕಂಡು ಓಯ್ತಾವ್ನಲ್ಲ, ಬಿಳಿ ಅಂಗಿ," ಅಂದು ತಮ್ಮ ಪಟ ತೆಗೆದುಕೊಂಡು ಹೊರಟುಹೋದರು. ಅವರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಗಾಜಿನಲ್ಲಿ ಹೊರಗಿನವರ ನೆರಳು ಬಿದ್ದು ಹಾಗೆ ಕಾಣುತ್ತಿರಬೇಕು ಎಂದು ಸಮಾಧಾನ ಮಾಡಿಕೊಂಡು ಮನೆಗೆ ತಂದೆ. ಶಾರದೆಗೆ ಏನೂ ಹೇಳಲಿಲ್ಲ. ಅಡುಗೆಮನೆಯಿಂದ ಕರೆದು, ಹೇಗಿದೆ ನೋಡು ಅಂದೆ, ಅಷ್ಟೇ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದವಳು, "ಇದೇನ್ರೀ, ಮನುಷ್ಯರನ್ನೂ ಬರೆಯೋಕೆ ಶುರು ಮಾಡಿದ್ರಾ? ಯಾರಿವರು?" ಅಂದಳು. ಎಲ್ಲಿ ಅಂದೆ. ಅವಳೂ ಬೆರಳಿಟ್ಟಳು. ನಂಜುಂಡಿ ಇಟ್ಟ ಜಾಗದಲ್ಲೇ.

ಹೇಗಿದ್ದಾನೆ ಹೇಳು ಅಂದೆ. ನನಗೆ ಹುಚ್ಚು ಹಿಡಿಯಿತೇನೋ ಎಂಬಂತೆ ನೋಡಿದಳು. ಆಮೇಲೆ ಹೇಳಿದಳು. ಬಿಳಿ ಅಂಗಿ, ತೋಳು ಮಡಿಸಿದ್ದಾನೆ. ಪಂಚೆ ಎತ್ತಿ ಕಟ್ಟಿದ್ದಾನೆ. ಹೆಗಲ ಮೇಲೆ ನೀಲಿ ಪಟ್ಟೆಯ ಟವೆಲು. ಎಡಭುಜ ಸ್ವಲ್ಪ ಇಳಿದ ಹಾಗಿದೆ. ನಾನು ಚಿತ್ರಕ್ಕೆ ಮೂಗು ತಾಗುವಷ್ಟು ಬಗ್ಗಿ ನೋಡಿದೆ. ನನ್ನದೇ ಕುಂಚದ ಗುರುತುಗಳು ಒಂದೊಂದೂ ಕಂಡವು. ನೀರುಬಣ್ಣದಲ್ಲಿ ಬಿಳುಪೆಂದರೆ ಬಣ್ಣ ತಾಗಿಸದೆ ಬಿಟ್ಟ ಕಾಗದವೇ; ಆ ಅಂಗಿಯ ಬಿಳುಪಿಗೆ ಬೇಕಾದ ಹಾಗೆ ಒಂದು ಚುಕ್ಕೆಯಷ್ಟು ಕಾಗದವನ್ನೂ ನಾನು ಖಾಲಿ ಬಿಟ್ಟಿರಲಿಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದು ಅವಳಿಗೆ ತೋರಿಸಿದೆ. "ಇದರಲ್ಲಿ ಇಲ್ಲ," ಅಂದಳು. ಮತ್ತೆ ಚಿತ್ರದ ಕಡೆ ತಿರುಗಿ, "ಇದರಲ್ಲಿ ಇದ್ದಾನೆ," ಅಂದಳು. ಈಗ ಅವಳ ದನಿಯೂ ಬದಲಾಗಿತ್ತು. ಅದನ್ನು ಮಲಗುವ ಕೋಣೆಯಲ್ಲಿಡಬೇಡಿ ಅಂದಳು.

ಮಾರನೆಯ ದಿನ ಚಿತ್ರವನ್ನು ನಂಜುಂಡಿಯ ಅಂಗಡಿಗೆ ಹೊತ್ತುಕೊಂಡು ಹೋಗಿ, ಗಾಜು ತೆಗೆ, ನೋಡಿಯೇಬಿಡೋಣ ಅಂದೆ. ಅವನು ಹಿಂದಿನ ಮೊಳೆಗಳನ್ನು ಕಿತ್ತು ಗಾಜು ಪಕ್ಕಕ್ಕಿಟ್ಟು ಬರೀ ಚಿತ್ರವನ್ನು ಮೇಜಿನ ಮೇಲೆ ಒರಗಿಸಿದ. "ಅಲ್ಲೇ ಅವ್ನೆ ಸಾರ್," ಅಂದ ಮೆಲ್ಲಗೆ.

ಆಗ ಒಬ್ಬ ಹೆಂಗಸು, ಅವಳ ಜೊತೆಗೆ ವಯಸ್ಸಾದ ಒಬ್ಬ ಗಂಡಸು ಅಂಗಡಿಗೆ ಬಂದರು. ಬೇಗೂರಿನ ಹತ್ತಿರದ ಹಳ್ಳಿಯವರು. ಅವಳ ಹೆಸರು ಮಾದೇವಮ್ಮ, ಅವನು ಅವಳ ಗಂಡನ ಅಣ್ಣ ಕೆಂಪಣ್ಣ ಎಂದು ಆಮೇಲೆ ತಿಳಿಯಿತು. ಕೆಂಪಣ್ಣ ಒಂದು ಫೋಟೋ ತೆಗೆದು ಕೊಟ್ಟು, ತಿಥಿಗೆ ಇಡೋಕೆ ಫ್ರೇಮ್ ಹಾಕಿಕೊಡಿ ಅಂದ. ಮದುವೆ ಫೋಟೋದಿಂದ ಗಂಡಿನ ಕಡೆಯನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿಸಿದ್ದರು. ಅಂಚಿನಲ್ಲಿ ಹೆಣ್ಣಿನ ಕೈ, ಬಳೆಗಳ ಸಮೇತ, ಅರ್ಧ ಉಳಿದಿತ್ತು. ನಂಜುಂಡಿ ಅಳತೆ ನೋಡುತ್ತಿದ್ದ.

ಮಾದೇವಮ್ಮನ ಕಣ್ಣು ನನ್ನ ಚಿತ್ರದ ಮೇಲೆ ಬಿದ್ದದ್ದನ್ನು ನಾನು ನೋಡಿದೆ. ಅವಳು ಕೂಗಲಿಲ್ಲ. ಮೇಜಿನ ಹತ್ತಿರ ಬಂದು ಬಗ್ಗಿದಳು.

"ಬಾವಾ, ಇಲ್ ನೋಡಿ."

ಕೆಂಪಣ್ಣ ಬಂದು ನೋಡಿದ. ನಂಜುಂಡಿ ಎಳೆದುಕೊಟ್ಟ ಸ್ಟೂಲಿನ ಮೇಲೆ ಕುಳಿತ. "ನನ್ ತಮ್ಮ ಕಣಿ ಸ್ವಾಮಿ ಅವ್ನು," ಅಂದ.

ಮಾದೇವಮ್ಮ ನನ್ನ ಕಡೆ ತಿರುಗಿದಳು. "ಆ ಎಡಬುಜ ನೋಡಿ ಸಾರ್. ಮೂಟೆ ಒತ್ತು ಒತ್ತು ಅಂಗೆ ಇಳ್ದೋಗಿರೋದು. ಆ ಟವೆಲ್ಲು ನಾನೇ ತಂದ್ಕೊಟ್ಟಿದ್ದು. ಎಲ್ಲಿ ಕಂಡ್ರಿ ನಮ್ಮೆಜಮಾನ್ರ?"

ನಾನು ಯಾರನ್ನೂ ಕಂಡಿಲ್ಲಮ್ಮ, ಈ ಚಿತ್ರದಲ್ಲಿ ಯಾರನ್ನೂ ಬರೆದೇ ಇಲ್ಲ, ಈಗಲೂ ನನಗೆ ಯಾರೂ ಕಾಣುತ್ತಿಲ್ಲ ಅಂದೆ. ಹೇಳುವಾಗಲೇ ನನ್ನ ಮಾತು ನನಗೇ ಸುಳ್ಳಿನಂತೆ ಕೇಳಿಸಿತು.

"ಬರ್ದೋರ್ಗೇ ಕಾಣ್ನಿಲ್ಲ ಅಂದ್ರೆ ಎಂಗ್ ಸಾರ್?" ಅಂದಳು ಅವಳು. "ಅವ್ರೇನಾರ ಹೇಳ್ಬ್ಯಾಡಿ ಅಂದವ್ರಾ? ಬೈಯಾಕಿಲ್ಲ ನಾನು. ಎಲ್ಲವ್ರೆ ಅಂತ ಹೇಳ್ಬುಡಿ, ಸಾಕು."

ನಂಜುಂಡಿ ಟೀ ತರಿಸಿದ. ಕೆಂಪಣ್ಣ ಬಿಕ್ಕುತ್ತಾ ನಡೆದದ್ದನ್ನು ಹೇಳಿದ. ತಮ್ಮನ ಹೆಸರು ಸಿದ್ದರಾಜು. ಹಲವು ವರ್ಷಗಳ ಕೆಳಗೆ ಹೊಲದ ಬದುವಿನ ವಿಷಯಕ್ಕೆ ಇಬ್ಬರಿಗೂ ಮಾತು ಬೆಳೆದು, ಸಿದ್ದರಾಜು ಕೈಯಲ್ಲಿದ್ದ ಗುದ್ದಲಿಯ ಕಾವಿನಿಂದ ಅಣ್ಣನ ತಲೆಗೆ ಹೊಡೆದುಬಿಟ್ಟಿದ್ದ. ಕೆಂಪಣ್ಣನಿಗೆ ಎಚ್ಚರವಾದದ್ದು ಆಸ್ಪತ್ರೆಯಲ್ಲಿ. ಅಷ್ಟರಲ್ಲಿ ಸಿದ್ದರಾಜು ಊರಿನಲ್ಲಿರಲಿಲ್ಲ. ಅಣ್ಣ ಸತ್ತನೆಂದೇ ತಿಳಿದು ಓಡಿಹೋಗಿರಬೇಕು. ಮೈಸೂರಿನಲ್ಲಿ ಹುಡುಕಿದರು, ಕೇರಳದ ಶುಂಠಿ ಹೊಲಗಳಲ್ಲಿ ಕೂಲಿಗೆ ಹೋದವರನ್ನೆಲ್ಲ ವಿಚಾರಿಸಿದರು. ಸುಳಿವಿಲ್ಲ. ಈಗ ಸಿದ್ದರಾಜುವಿನ ಮಗಳಿಗೆ ಮದುವೆ ಗೊತ್ತಾಗಿದೆ. ಲಗ್ನಪತ್ರಿಕೆಯಲ್ಲಿ ಹುಡುಗಿಯ ತಂದೆಯ ಹೆಸರಿನ ಹಿಂದೆ 'ದಿವಂಗತ' ಎಂದು ಹಾಕಬೇಕೋ ಬೇಡವೋ ಎಂದು ಗಂಡಿನ ಕಡೆಯವರು ಕೇಳಿದ್ದಾರೆ. ಊರ ಹಿರಿಯರು ಕೂತು, ಇನ್ನು ಅವನ ದಾರಿ ಕಾಯುವುದು ಬೇಡ, ಬರುವ ಸೋಮವಾರ ತಿಥಿ ಮಾಡಿ ಮುಗಿಸಿ, ಮಾದೇವಮ್ಮನ ತಾಳಿ ತೆಗೆಸಿಬಿಡಿ ಎಂದು ಹೇಳಿದ್ದಾರೆ. ಇದನ್ನೆಲ್ಲ ಅವನು ಹೇಳುತ್ತಿದ್ದರೆ ಮಾದೇವಮ್ಮ ಚಿತ್ರ ಬಿಟ್ಟು ಕಣ್ಣು ಕದಲಿಸಲಿಲ್ಲ.

ಮಾರನೆಯ ಬೆಳಿಗ್ಗೆ ನಂಜುಂಡಿಯ ವ್ಯಾನಿನಲ್ಲಿ ನಾವು ನಾಲ್ವರೂ ಹೊರಟೆವು. ಚಿತ್ರ ಮಾದೇವಮ್ಮನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ನನಗೆ ಒಂದೇ ಹೆದರಿಕೆ. ಅಲ್ಲಿ ಏನೂ ಇರುವುದಿಲ್ಲ. ಇಲ್ಲದ ಆಸೆಯೊಂದನ್ನು ನಾನು ಈ ಹೆಂಗಸಿನ ಮಡಿಲಿಗೆ ಹಾಕಿದ್ದೇನೆ. ಸೋಮವಾರ ಬಂದಾಗ ಅವಳ ಪಾಲಿಗೆ ಅವನು ಎರಡನೆಯ ಸಲ ಸಾಯುತ್ತಾನೆ.

ಹೊರೆಗಲ್ಲಿನ ಹತ್ತಿರ ಬಂದು, ನಾನು ಕುಳಿತಿದ್ದ ಜಾಗ ತೋರಿಸಿದೆ. ಅವಳು ಅಲ್ಲಿ ನಿಂತು ಚಿತ್ರವನ್ನು ಎತ್ತಿ ಹಿಡಿದು, ದಾರಿಯನ್ನು ನೋಡಿ, ಚಿತ್ರವನ್ನು ನೋಡಿ, ಅದನ್ನು ನಂಜುಂಡಿಯ ಕೈಗೆ ಕೊಟ್ಟು ನಡೆದಳು. ಕಲ್ಲು ದಾಟಿ, ತಿರುವಿನಲ್ಲಿ ನಿಂತಳು. ನಂಜುಂಡಿ ಒಂದು ಕಣ್ಣು ಮುಚ್ಚಿ, ಒಮ್ಮೆ ಅವಳನ್ನು, ಒಮ್ಮೆ ಚಿತ್ರವನ್ನು ನೋಡಿದ. "ಅಳತೆ ಸರ್ಯಾಗದೆ ಸಾರ್. ಅಲ್ಲಿ ಒಬ್ಬ ಗಂಡಸು ನಿಂತಿದ್ರೆ ಇಷ್ಟೇ ಎತ್ರ ಕಾಣೋನು," ಅಂದ. ದೂರ ಹೋದಷ್ಟೂ ಆಳು ಎಷ್ಟು ಚಿಕ್ಕದಾಗಬೇಕು ಎಂಬುದು ನಾನು ಮಕ್ಕಳಿಗೆ ಹೇಳಿಕೊಡುವ ಪಾಠ. ನಾನು ಬರೆಯದೇ ಇರುವ ಮನುಷ್ಯನಲ್ಲಿ ಆ ಲೆಕ್ಕ ತಪ್ಪಿರಲಿಲ್ಲ.

ಮಾದೇವಮ್ಮ ಹಿಂದಿರುಗಿ ನೋಡದೆ ಮುಂದೆ ಹೊರಟಳು. "ಅವ್ರು ಮೊಕ ಮಾಡಿರೋ ಕಡೀಕೇ ಓಗನ," ಅಂದಳು. ನಾವು ಹಿಂದೆ ನಡೆದೆವು. ದಾರಿ ಒಂದು ಒಣಹಳ್ಳಕ್ಕೆ ಇಳಿದು ಹತ್ತಿತು. ಹುರುಳಿ ಹೊಲ, ಬಾಳೆ ತೋಟ, ಮತ್ತೆ ಬೀಳುಭೂಮಿ. ಒಂದು ಗಡಿಕಲ್ಲು ದಾಟಿದ ಮೇಲೆ ಬೋರ್ಡುಗಳು ತಮಿಳಿನವಾದವು, ಮಾತು ಮಾತ್ರ ನಮ್ಮದೇ ಕನ್ನಡ. ಸಣ್ಣ ಊರು. ಟೀ ಅಂಗಡಿಯ ಹೆಂಗಸಿಗೆ ಮಾದೇವಮ್ಮ, ತಿಥಿಗೆಂದು ಮಾಡಿಸಿದ್ದ ಆ ಫೋಟೋ ತೋರಿಸಿದಳು.

ಅವಳು ಫೋಟೋವನ್ನು ಬೆಳಕಿಗೆ ಹಿಡಿದು, "ಇದು ನಮ್ ರಾಜು ಅಲ್ವಾ? ಎಳೇ ಮೊಕ," ಅಂದಳು. ಊರ ಹಿಂದಿನ ಒಕ್ಕಣೆಯ ಕಳದ ಕಡೆ ಕೈ ತೋರಿಸಿದಳು.

ಕಳದಲ್ಲಿ ಅರಿಸಿನ ಬೇಯಿಸುತ್ತಿದ್ದರು. ಕೊಪ್ಪರಿಗೆಗಳಿಂದ ಹಬೆ ಏಳುತ್ತಿತ್ತು. ಖಾಕಿ ಅಂಗಿಯ ಒಬ್ಬ ಮನುಷ್ಯ ಬುಟ್ಟಿ ಹೊತ್ತು ಹಬೆಯೊಳಗಿಂದ ಹೊರಬಂದ. ಎಡಭುಜ ಇಳಿದಿತ್ತು. ಅವನು ಮೊದಲು ಕಂಡದ್ದು ಹೆಂಡತಿಯನ್ನಲ್ಲ, ಅವಳ ಪಕ್ಕದಲ್ಲಿ ನಿಂತಿದ್ದ ಅಣ್ಣನನ್ನು. ಬುಟ್ಟಿ ಕೈಜಾರಿ ಬಿದ್ದು ಅರಿಸಿನವೆಲ್ಲ ಚೆಲ್ಲಿತು. ಅವನು ಕೂಗಿದಂಥ ಕೂಗನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಎರಡು ಕೈಯನ್ನೂ ಮುಖಕ್ಕೆ ಅಡ್ಡ ಹಿಡಿದು ಹಿಂದೆ ಹಿಂದೆ ಸರಿದು ಎಡವಿ ಬಿದ್ದ. "ಬರ್ಬ್ಯಾಡ ಅಣ್ಣಾ, ಹತ್ರ ಬರ್ಬ್ಯಾಡ," ಎಂದು ಕಿರುಚುತ್ತಿದ್ದ.

ಕೆಂಪಣ್ಣ ಅವನ ಮುಂದೆ ಮಂಡಿಯೂರಿ, ತಲೆ ಬಗ್ಗಿಸಿ, ನರೆತ ಕೂದಲನ್ನು ಬಿಡಿಸಿ ಹೊಲಿಗೆಯ ಗುರುತು ತೋರಿಸಿದ. "ಮುಟ್ನೋಡ್ಲಾ. ಬದ್ಕಿವ್ನಿ ಕಣ್ಲಾ. ಅವತ್ತು ಸಾಯ್ನೇ ಇಲ್ಲ ಕಣ್ಲಾ ನಾನು."

ಸಿದ್ದರಾಜು ಅರಿಸಿನ ಮೆತ್ತಿದ ಬೆರಳಿನಿಂದ ಆ ಗುರುತನ್ನು ಮುಟ್ಟಿದ. ಇಷ್ಟು ವರ್ಷ ತಾನು ಅಣ್ಣನನ್ನು ಕೊಂದವನೆಂದು ನಂಬಿ ಬದುಕಿದ್ದ ಮನುಷ್ಯ. ಮಾದೇವಮ್ಮ ಅಷ್ಟು ಹೊತ್ತೂ ದೂರವೇ ನಿಂತಿದ್ದಳು. ಆಮೇಲೆ ಹತ್ತಿರ ಬಂದು, ಚೆಲ್ಲಿದ ಅರಿಸಿನದ ಕೊಂಬುಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕುತ್ತಾ, "ಸ್ವಾಮಾರ ನಿಮ್ದೇ ತಿಥಿ ಮಡಗವ್ರೆ. ಮನೇಗ್ ಬನ್ನಿ," ಅಂದಳು.

ಎಲ್ಲರೂ ಸ್ವಲ್ಪ ಸುಧಾರಿಸಿಕೊಂಡ ಮೇಲೆ ನಾನು ಕೇಳಿದೆ, ಹೊರೆಗಲ್ಲಿನ ಆ ದಾರಿಯಲ್ಲಿ ನೀವು ಯಾವಾಗ ಬಂದಿದ್ದಿರಿ ಎಂದು. ಅವನಿಗೆ ಅರ್ಥವಾಗಲಿಲ್ಲ. ಊರು ಬಿಟ್ಟವನು ಊಟಿ ಕಡೆಯ ಎಸ್ಟೇಟಿನಲ್ಲಿದ್ದನಂತೆ. ಈ ಊರಿಗೆ ಸತ್ಯಮಂಗಲದಿಂದ ಬಸ್ಸಿನಲ್ಲಿ ಬಂದವನು. "ಆ ಕಡೆ ನಮ್ ಸೀಮೆ ಅದೆ ಅಂತ ಗೊತ್ತಿತ್ತು ಸಾರ್. ಅದ್ಕೇ ಹಳ್ಳ ದಾಟಿ ಒಂದ್ಸಲೀನೂ ಆ ಕಡೆ ಓಗಿಲ್ಲ," ಅಂದ. ನೀಲಿ ಪಟ್ಟೆಯ ಟವೆಲು ಎಸ್ಟೇಟಿನಲ್ಲೇ ಹರಿದುಹೋಗಿತ್ತು. ನಾನು ಚಿತ್ರ ಬರೆದ ದಿನಗಳಲ್ಲಿ ಅವನು ಬೆಳಗಿನಿಂದ ಸಂಜೆಯವರೆಗೆ ಇದೇ ಕಳದಲ್ಲಿದ್ದನೆಂದು ಜೊತೆಯವರೂ ಹೇಳಿದರು.

ನಂಜುಂಡಿ ಚಿತ್ರವನ್ನು ಅವನ ಮುಂದೆ ಹಿಡಿದ. ಸಿದ್ದರಾಜು ಬಗ್ಗಿ ನೋಡಿದ, ತಲೆ ಓರೆ ಮಾಡಿ ನೋಡಿದ. "ಇದ್ರಲ್ಲಿ ಯಾರವ್ರೆ? ಬರೀ ದಾರಿ ಅಲ್ವಾ?" ಅಂದ. ಉಳಿದ ಮೂವರೂ ಅವನನ್ನೇ ನೋಡಿದರು. ಆ ಚಿತ್ರ ಅವನ ಕಣ್ಣಿಗೂ ನನ್ನ ಕಣ್ಣಿಗೂ ಮಾತ್ರ ಖಾಲಿ. ನನಗೆ ಅಲ್ಲಿ ನಿಂತಿರಲಾಗಲಿಲ್ಲ. ಕಳದ ಆಚೆಗೆ ಹೋಗಿ ನೀರು ಕುಡಿದೆ.

ಆಮೇಲೆ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಕಣ್ಣಿನಲ್ಲಿ ಏನೂ ತೊಂದರೆ ಇಲ್ಲ ಅಂದರು. ಮನೋವೈದ್ಯರಾದ ಪರಿಚಯದವರೊಬ್ಬರು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕಾಣುವುದುಂಟು ಅಂದರು. ಶಾರದೆಗೆ ನಾನು ಏನೂ ಹೇಳಿರಲಿಲ್ಲವಲ್ಲ ಎಂದು ಕೇಳಿದೆ. ನಾನೂ ನನ್ನಷ್ಟಕ್ಕೆ ಎಷ್ಟೋ ರೀತಿ ಜೋಡಿಸಿ ನೋಡಿದ್ದೇನೆ. ಯಾವುದೂ ಕೂಡಿಬರುವುದಿಲ್ಲ.

ಮದುವೆಗೆ ಕರೆಯಲು ಗಂಡಹೆಂಡತಿ ಇಬ್ಬರೂ ಗುಂಡ್ಲುಪೇಟೆಗೆ ಬಂದಿದ್ದರು. ಲಗ್ನಪತ್ರಿಕೆಯಲ್ಲಿ ತಂದೆಯ ಹೆಸರಿನ ಹಿಂದೆ ಶ್ರೀ ಎಂದಿತ್ತು. ಸಿದ್ದರಾಜು ಸಂಕೋಚದಿಂದ ಜಗಲಿಯ ಮೇಲೇ ಕುಳಿತ. ಮಾದೇವಮ್ಮ ಒಳಗೆ ಬಂದು ಶಾರದೆಯ ಜೊತೆ ಮಾತಾಡಿದಳು. ಹೊರಡುವಾಗ ನಾನು ಒಳಗಿನಿಂದ ಚಿತ್ರ ತಂದು, ಇದು ನಿಮಗೇ ಸೇರಬೇಕಾದ್ದಮ್ಮ, ತೆಗೆದುಕೊಂಡು ಹೋಗಿ ಅಂದೆ. ಅದು ನನ್ನ ಮನೆಯಿಂದ ಹೋದರೆ ಸಾಕು ಎನ್ನುವುದೂ ನನ್ನ ಮನಸ್ಸಿನಲ್ಲಿತ್ತು.

ಅವಳು ಕೈಗೆ ತೆಗೆದುಕೊಂಡು ಆ ತಿರುವಿನ ಕಡೆಯೇ ದೃಷ್ಟಿಯಿಟ್ಟು ನೋಡಿದಳು. ಜಗಲಿಯ ಮೇಲೆ ಕುಳಿತಿದ್ದ ಗಂಡನನ್ನು ಬಾಗಿಲಿನಿಂದ ಒಮ್ಮೆ ನೋಡಿದಳು. ಮತ್ತೆ ಚಿತ್ರ ನೋಡಿದಳು. ಮೆಲ್ಲಗೆ ಅದನ್ನು ನನ್ನ ಕೈಗೇ ವಾಪಸು ಇಟ್ಟಳು.

"ಬ್ಯಾಡಿ ಸಾರ್," ಅಂದಳು. "ನಮ್ಮೆಜಮಾನ್ರು ಇಲ್ಲಿ ಕುಂತವ್ರೆ. ಇವ್ರು ಯಾರೋ ಏನೋ, ಇನ್ನೂ ಓಯ್ತಾನೇ ಅವ್ರೆ."